87 ಟೆಸ್ಟ್‌ಗಳ ಪ್ಯಾಕೇಜ್: ನಾಲ್ಕು ವರ್ಷ ಮಾಡಿಸಿದ ಮೇಲೆ

ಆಲ್ದೂರಿನ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ನನಗೀಗ 51. ನಮ್ಮನೆಯವರಿಗೆ ಶುಗರ್ ಇದೆ ಅಂತ ಗೊತ್ತಾದ ವರ್ಷ ಮಗಳು ಮೊಬೈಲಿನಲ್ಲೇ ಇಬ್ಬರಿಗೂ ಫುಲ್ ಬಾಡಿ ಚೆಕಪ್ ಬುಕ್ ಮಾಡಿದಳು. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ, ಒಬ್ಬರಿಗೆ 1,799 ರೂಪಾಯಿ, 87 ಟೆಸ್ಟ್. ಅಲ್ಲಿಂದ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ, ಹಣ್ಣು ಕೊಯ್ಲಿನ ಗಲಾಟೆ ಶುರುವಾಗುವ ಮೊದಲು, ಅದೇ ಪ್ಯಾಕೇಜ್. ನಾಲ್ಕು ಸಲ ಆಯಿತು. ಲ್ಯಾಬಿನ ಹೆಸರು ಬರೆಯುವುದಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹುಡುಗ ಹೇಳಿದ ಹೊತ್ತಿಗೆ ಬರುತ್ತಾನೆ. ಮಂಜು ಕವಿದಿದ್ದರೂ ಆರೂವರೆಗೆ ಬೈಕ್ ಸದ್ದು ಕೇಳುತ್ತದೆ. "ಅಕ್ಕಾ, ಕೈ ಚಾಚಿ" ಅಂದರೆ ಮುಗಿಯಿತು, ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಕಷ್ಟ ಇರುವುದು ಅವನು ಬರುವ ತನಕ ಕಾಫಿ ಕುಡಿಯದೆ ಕೂರುವುದರಲ್ಲಿ. ತೋಟದ ಮನೆಯಲ್ಲಿ ಹಿಂದಿನ ರಾತ್ರಿಯಿಂದ ಬರೀ ನೀರು ಅಂದರೆ ಶಿಕ್ಷೆಯೇ ಅಲ್ವಾ?

ಇನ್ನು ಆ 87ರ ಕಥೆ. ಎರಡನೇ ವರ್ಷ ರಿಪೋರ್ಟ್ ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಎಣಿಸಿದೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಅನ್ನುವ ಒಂದೇ ಪರೀಕ್ಷೆ 24 ಸಾಲು. ಲಿವರ್‌ದು 12. ಕೊಲೆಸ್ಟ್ರಾಲ್‌ನದು 10, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದನ್ನು ಅದರಿಂದ ಭಾಗಿಸಿ ಬರೆದ ಅಂಕಿಗಳು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ಲನ್ನೂ ಎಷ್ಟೋ ಕಡೆ ಲೆಕ್ಕ ಹಾಕಿಯೇ ಬರೆಯುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬಿನ ಐದರಲ್ಲಿ ಒಂದು ಭಾಗ ಕಳೆಯಬೇಕು, ಅಷ್ಟೇ. ಬೇಕಾದರೆ ನಿಮ್ಮ ರಿಪೋರ್ಟಲ್ಲಿ ಮಾಡಿ ನೋಡಿ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಈ ಲೆಕ್ಕ ನಂಬುವ ಹಾಗಿಲ್ಲ.

ಟೆಸ್ಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ನಾರ್ಮಲ್ ಅಂತ ಹಾಕುವ ಮಿತಿಯನ್ನು ಸಾಮಾನ್ಯವಾಗಿ ನೂರು ಜನ ಆರೋಗ್ಯವಂತರಲ್ಲಿ 95 ಜನ ಒಳಗೆ ಬೀಳುವ ಹಾಗೆ ಇಟ್ಟಿರುತ್ತಾರಂತೆ. ಹಾಗಾದರೆ ಏನೂ ಕಾಯಿಲೆ ಇಲ್ಲದವರಿಗೂ ಇಪ್ಪತ್ತು ಟೆಸ್ಟಿಗೆ ಒಂದು ಕೆಂಪಕ್ಷರ ಬರಬಹುದು. 87 ಸಾಲಿನಲ್ಲಿ ಎಷ್ಟು ಕೆಂಪು ಬರಬಹುದು, ನೀವೇ ನೋಡಿ. ಆ ಕೆಂಪು ಹಿಡಿದುಕೊಂಡು ಸುಮ್ನೆ ಚಿಕ್ಕಮಗಳೂರಿಗೆ ಎಷ್ಟು ಸಲ ಓಡಿದ್ದೇವೋ.

ಮೂರನೇ ವರ್ಷ ಆದದ್ದು ಮಾತ್ರ ಮರೆಯುವ ಹಾಗಿಲ್ಲ. ರಾತ್ರಿ ಒಂಬತ್ತಕ್ಕೆ ಲ್ಯಾಬಿನಿಂದ ಫೋನ್. ನಮ್ಮನೆಯವರ ಪೊಟ್ಯಾಸಿಯಂ 6.2, ಕೂಡಲೇ ಡಾಕ್ಟರ್‌ಗೆ ತೋರಿಸಿ ಅಂದರು. ಸಾಮಾನ್ಯವಾಗಿ 5ರ ಆಸುಪಾಸಿನಲ್ಲೇ ಮಿತಿ ಮುಗಿಯುತ್ತದೆ. ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು. ಪಕ್ಕದ ಮನೆಯವರ ಜೀಪ್ ಹತ್ತಿ ಆ ರಾತ್ರಿಯೇ ಹೋದೆವು. ಇಸಿಜಿ ಸರಿ ಇತ್ತು. ಮತ್ತೆ ರಕ್ತ ತೆಗೆದು ನೋಡಿದರೆ 4.4. ಡಾಕ್ಟರು ನಮ್ಮ ರಿಪೋರ್ಟಿನ ಮೇಲ್ತುದಿಯಲ್ಲಿ ಚಿಕ್ಕ ಅಕ್ಷರದ ಎರಡು ಸಾಲಿಗೆ ಬೆರಳಿಟ್ಟರು. ರಕ್ತ ತೆಗೆದದ್ದು ಬೆಳಗ್ಗೆ 6.40. ಲ್ಯಾಬಿಗೆ ಮುಟ್ಟಿದ್ದು ಮಧ್ಯಾಹ್ನ 2.15. ನಮ್ಮ ಮನೆ ಆದ ಮೇಲೆ ಹುಡುಗ ಇನ್ನೂ ನಾಲ್ಕು ಎಸ್ಟೇಟ್ ಸುತ್ತಿದ್ದ. ರಕ್ತ ಗಂಟೆಗಟ್ಟಲೆ ಹಾಗೇ ಇದ್ದರೆ, ಕುಲುಕಿ ಕಣ ಒಡೆದರೆ, ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಬಂದುಬಿಡುತ್ತದೆ. ಹುಡುಗನ ತಪ್ಪೇನೂ ಇಲ್ಲ, ನಮ್ಮ ರಸ್ತೆಯ ಗುಂಡಿಗಳಿಗೂ ಪಾಲಿದೆ. ಆದರೆ ಆ ಎರಡು ಸಾಲು ನೋಡಿ ಲ್ಯಾಬಿನವರೇ ಇನ್ನೊಮ್ಮೆ ರಕ್ತ ಕೇಳಬಹುದಿತ್ತು.

ಇಷ್ಟು ದೊಡ್ಡ ಪಟ್ಟಿಯಲ್ಲಿ ನಮಗೆ ಬೇಕಾದದ್ದೇ ಇರಲಿಲ್ಲ ಅನ್ನುವುದು ಇನ್ನೊಂದು ತಮಾಷೆ. ಶುಗರ್ ಇರುವವರಿಗೆ ಕಿಡ್ನಿ ಪೆಟ್ಟು ತಿನ್ನುವ ಸೂಚನೆ ಎಷ್ಟೋ ಸಲ ಮೊದಲು ಸಿಗುವುದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಅನ್ನುವ ಪ್ರೋಟೀನ್‌ನಲ್ಲಿ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ಆಮೇಲೆ. ಆ ಮೂತ್ರದ ಟೆಸ್ಟ್ ಪ್ಯಾಕೇಜಿನಲ್ಲಿಲ್ಲ. ನನಗೆ ಮೊದಲ ವರ್ಷ ಹಿಮೋಗ್ಲೋಬಿನ್ 10.2, ಕಮ್ಮಿಯೇ. ಕಬ್ಬಿಣದ ಲೆಕ್ಕ ಅಂತ ಮೂರು ಸಾಲು ಕೊಟ್ಟಿದ್ದರು, ಮೈಯಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಫೆರಿಟಿನ್ ಮಾತ್ರ ಇಲ್ಲ. ಎರಡನ್ನೂ ಬೇರೆ ದುಡ್ಡು ಕೊಟ್ಟು ಮಾಡಿಸಿದೆವು.

ಅಷ್ಟಾದರೂ ದುಡ್ಡು ದಂಡ ಅಂತ ಪೂರ್ತಿ ಹೇಳಲಾರೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಂದು ಗೆರೆ ಎಳೆದು ಅಂಕಿ ಬರೆದಿಟ್ಟಿದ್ದೆ. ನನ್ನ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ, 5.3, 5.4, 5.6, 5.8. ಮೊದಲ ಮೂರು ವರ್ಷ ರಿಪೋರ್ಟಿನಲ್ಲಿ ಹಸಿರು ಬಣ್ಣ, ಎಲ್ಲ ಚೆನ್ನಾಗಿದೆ ಅಂತ. 5.7 ಮುಟ್ಟಿದರೆ ಶುಗರ್‌ನ ಹೊಸ್ತಿಲು, 6.5 ಆದರೆ ಶುಗರ್. ನಾನು ಏರುತ್ತಾ ಬಂದದ್ದನ್ನು ಲ್ಯಾಬಿನ ಆ್ಯಪ್ ಒಮ್ಮೆಯೂ ಹೇಳಲಿಲ್ಲ. ನೋಟ್‌ಬುಕ್ ನೋಡಿದ ಡಾಕ್ಟರು ಅರ್ಧ ನಿಮಿಷದಲ್ಲಿ ಹಿಡಿದರು. ರಕ್ತಹೀನತೆ ಇದ್ದಾಗ ಈ ಅಂಕಿ ನಂಬುವುದು ಕಷ್ಟ, ಕಬ್ಬಿಣ ಕಮ್ಮಿ ಇದ್ದರೆ ಸುಳ್ಳೇ ಏರಿರುತ್ತದೆ ಅಂತಲೂ ಹೇಳಿದರು. ನನ್ನ ಹಿಮೋಗ್ಲೋಬಿನ್ ಅಷ್ಟರಲ್ಲಿ 12.4ಕ್ಕೆ ಬಂದಿತ್ತು, ಹಾಗಾಗಿ ಏರಿಕೆ ನಿಜವೇ.

ಸೇವೆಗೆ ಐದಕ್ಕೆ ನಾಲ್ಕು ಕೊಡಬಹುದು. ಪ್ಯಾಕೇಜಿಗೆ ಎರಡು ಸಾಕು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಮೊದಲೇ ಡಾಕ್ಟರ್ ಹತ್ತಿರ ಹೇಳಿ, ಅದು ಥೈರಾಯ್ಡ್ ಅಂಕಿಯನ್ನೇ ಏರುಪೇರು ಮಾಡಬಹುದು. ಇದನ್ನು ಬುಕ್ ಮಾಡುವಾಗ ಯಾರೂ ಕೇಳಲಿಲ್ಲ.

ಈ ಅಕ್ಟೋಬರ್‌ಗೆ ಪಟ್ಟಿಯನ್ನು ಡಾಕ್ಟರ ಹತ್ತಿರವೇ ಬರೆಸಿಕೊಂಡಿದ್ದೇನೆ. ಸಿಬಿಸಿ, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಥೈರಾಯ್ಡ್‌ಗೆ ಟಿಎಸ್‌ಎಚ್. ನನಗೆ ಫೆರಿಟಿನ್. ನಮ್ಮನೆಯವರಿಗೆ ಪೊಟ್ಯಾಸಿಯಂ, ಮೂತ್ರದ ಅಲ್ಬುಮಿನ್. ವಿಟಮಿನ್ ಡಿ ಬೇಕಾ ಅಂದದ್ದಕ್ಕೆ "ದಿನಾ ತೋಟದಲ್ಲಿ ಬಿಸಿಲಲ್ಲಿ ಇರ್ತೀರಲ್ಲಮ್ಮ" ಅಂತ ನಕ್ಕರು. ಬೆಳಗಿನ ಮೊದಲ ಬಸ್ಸಿಗೆ ನಾವೇ ಚಿಕ್ಕಮಗಳೂರಿಗೆ ಹೋಗುತ್ತೇವೆ. ಫ್ಲಾಸ್ಕಿನಲ್ಲಿ ಕಾಫಿ ತಗೊಂಡು.