ಕ್ಯೂಎಮು ಪರ್ಸಿಸ್ಟೆಂಟ್ ಬಿಟ್‌ಮ್ಯಾಪ್: ಲೆಕ್ಕ ತಪ್ಪಿದರೆ ಒಪ್ಪಿಕೊಳ್ಳುತ್ತದೆಯೇ?

ಕಳೆದ ಬ್ಯಾಕಪ್ ಆದ ಮೇಲೆ ವರ್ಚುವಲ್ ಮೆಷಿನ್ನಿನ ಡಿಸ್ಕಿನಲ್ಲಿ ಎಲ್ಲೆಲ್ಲಿ ಬದಲಾಗಿದೆ ಎಂಬ ಲೆಕ್ಕವನ್ನು, ಆ ಮೆಷಿನ್ ಓಡಿಸುವ ಕ್ಯೂಎಮು (QEMU) ಸಾಫ್ಟ್‌ವೇರ್ ಇಡುವುದು ಡರ್ಟಿ ಬಿಟ್‌ಮ್ಯಾಪಿನಲ್ಲಿ: ಡಿಸ್ಕಿನ ಒಂದೊಂದು ತುಂಡಿಗೆ ಒಂದೊಂದು ಬಿಟ್, ಬದಲಾದ ತುಂಡು 'ಡರ್ಟಿ'. ಮೆಷಿನ್ ಆಫ್ ಮಾಡಿದರೂ ಆ ಲೆಕ್ಕ ಕ್ಯೂಕೌ2 (qcow2, ಕ್ಯೂಎಮುವಿನ ಡಿಸ್ಕ್ ಇಮೇಜ್ ಮಾದರಿ) ಫೈಲಿನೊಳಗೇ ಉಳಿಯುವ 'ಪರ್ಸಿಸ್ಟೆಂಟ್' ಸೌಲಭ್ಯ 2017ರ 2.10 ಆವೃತ್ತಿಯಲ್ಲಿ ಬಂತು. ಬದಲಾದದ್ದನ್ನಷ್ಟೇ ನಕಲು ಮಾಡುವ ಇನ್‌ಕ್ರಿಮೆಂಟಲ್ ಬ್ಯಾಕಪ್ ನಿಂತಿರುವುದೇ ಇದರ ಮೇಲೆ. ಒಂದು ಬಿಟ್ ತಪ್ಪಿದರೂ ಬ್ಯಾಕಪ್ ಸದ್ದಿಲ್ಲದೆ ಕೆಡುತ್ತದೆ, ಗೊತ್ತಾಗುವುದು ರಿಸ್ಟೋರ್ ಮಾಡುವ ದಿನ. ಹಾಗಾಗಿ ಬರೆದದ್ದನ್ನು ಗುರುತಿಸುತ್ತದೆಯೇ ಎನ್ನುವುದಕ್ಕಿಂತ, ಲೆಕ್ಕ ತಪ್ಪಿದಾಗ ಅದನ್ನು ಹೇಳುತ್ತದೆಯೇ ಎಂದು ನೋಡುವುದು ಮುಖ್ಯ.

ಪರೀಕ್ಷೆಗೆ ಮೆಷಿನ್ ಓಡಿಸಬೇಕಿಲ್ಲ. 5.1ರಿಂದ ಕ್ಯೂಎಮು-ಇಮೇಜ್ ಟೂಲಿನಲ್ಲೇ ಬಿಟ್‌ಮ್ಯಾಪ್ ಎಂಬ ಉಪಕಮಾಂಡ್ ಇದೆ. 10 ಜಿಬಿಯ ಖಾಲಿ ಕ್ಯೂಕೌ2 ಇಮೇಜ್ ಮಾಡಿ, ಅದಕ್ಕೊಂದು ಬಿಟ್‌ಮ್ಯಾಪ್ ಸೇರಿಸಿ, ಇಮೇಜಿಗೆ ನೇರವಾಗಿ ಓದಿ-ಬರೆಯುವ ಕ್ಯೂಎಮು-ಐಒ ಟೂಲಿನ ಮೂಲಕ ಬೇಕಾದ ಜಾಗಕ್ಕೆ ಬರೆಯಿರಿ. ಆಮೇಲೆ ಇಮೇಜನ್ನು ಎನ್‌ಬಿಡಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ ಪ್ರೋಟೋಕಾಲ್) ಮೂಲಕ ಕೊಡುವ ಕ್ಯೂಎಮು-ಎನ್‌ಬಿಡಿಯಲ್ಲಿ ಬಿಟ್‌ಮ್ಯಾಪ್ ಹೆಸರು ಕೊಟ್ಟು ರೀಡ್-ಓನ್ಲಿಯಾಗಿ ತೆರೆದು, ಲಿಬ್‌ಎನ್‌ಬಿಡಿ ಲೈಬ್ರರಿಯ ಎನ್‌ಬಿಡಿಇನ್ಫೋ ಟೂಲಿನಲ್ಲಿ ಮ್ಯಾಪ್ ಓದಿ. ಕ್ಯೂಎಮು-ಇಮೇಜಿನ ಮ್ಯಾಪ್ ಕಮಾಂಡಿನಲ್ಲೂ ಇದನ್ನು ಓದಬಹುದು, ಆದರೆ ಅಲ್ಲಿ ಡೇಟಾ 'ಫಾಲ್ಸ್' ಎಂದು ತೋರಿಸುವ ಭಾಗವೇ ಬದಲಾದದ್ದು. ಎನ್‌ಬಿಡಿಯಲ್ಲಿ 'ಡರ್ಟಿ' ಮತ್ತು 'ಹೋಲ್' (ಡೇಟಾ ಇಲ್ಲದ ಖಾಲಿ ಜಾಗ) ಎರಡಕ್ಕೂ ಒಂದೇ ಬಿಟ್ ಬಳಕೆಯಾಗುವುದರಿಂದ ಈ ತಿರುವುಮುರುವು. ಗೊತ್ತಿಲ್ಲದೆ ಸ್ಕ್ರಿಪ್ಟ್ ಬರೆದರೆ ಬದಲಾಗದ ಭಾಗವನ್ನಷ್ಟೇ ನಕಲು ಮಾಡುತ್ತೀರಿ.

ಗುರುತಿಸುವ ಕೆಲಸದಲ್ಲಿ ಕೊರತೆಯಿಲ್ಲ. ಸಾಮಾನ್ಯ ಇಮೇಜಿನಲ್ಲಿ ಒಂದು ಬಿಟ್ಟಿಗೆ 64 ಕೆಬಿ. 1 ಎಂಬಿ ಸ್ಥಾನದಲ್ಲಿ 4 ಕೆಬಿ ಬರೆದರೆ 64 ಕೆಬಿ ಡರ್ಟಿ ಆಗುತ್ತದೆ. 4 ಕೆಬಿ ಹಿಂದಿನಿಂದ ಶುರುಮಾಡಿ 8 ಕೆಬಿ ಬರೆದರೆ ಗಡಿ ದಾಟುವುದರಿಂದ 128 ಕೆಬಿ. 1 ಟಿಬಿ ಡಿಸ್ಕಿಗೆ ಇಡೀ ಬಿಟ್‌ಮ್ಯಾಪ್ 2 ಎಂಬಿ ಮಾತ್ರ. ಒಂದು ಬಿಟ್ಟಿನ ಅಳತೆಯನ್ನು 4 ಕೆಬಿಗೆ ಇಳಿಸಿದರೆ 32 ಎಂಬಿ ಆಗುತ್ತದೆ, ಆದರೂ ಲಾಭ ಕಡಿಮೆ, ಏಕೆಂದರೆ ಕ್ಯೂಎಮುವಿನ ಬ್ಯಾಕಪ್ ಜಾಬ್ ಸಾಮಾನ್ಯವಾಗಿ 64 ಕೆಬಿ ತುಂಡುಗಳಲ್ಲೇ ನಕಲು ಮಾಡುತ್ತದೆ. ಇದ್ದ ಡೇಟಾವನ್ನೇ ಮತ್ತೆ ಬರೆದರೂ ಡರ್ಟಿ. ಡಿಸ್ಕಾರ್ಡ್ (ಬೇಡವಾದ ಜಾಗ ಬಿಟ್ಟುಕೊಡುವುದು) ಕೂಡ ಡರ್ಟಿ: ಅದಕ್ಕೆ ಅವಕಾಶ ಕೊಡುವ ಅನ್‌ಮ್ಯಾಪ್ ಆಯ್ಕೆ ಆನ್ ಇರುವ ಲಿನಕ್ಸ್ ಮೆಷಿನ್ನಿನೊಳಗೆ ವಾರಕ್ಕೊಮ್ಮೆ ಖಾಲಿ ಜಾಗ ಬಿಟ್ಟುಕೊಡುವ ಎಫ್‌ಎಸ್‌ಟ್ರಿಮ್ ಓಡಿದರೆ ಆ ದಿನದ ಲೆಕ್ಕ ಉಬ್ಬಿರುತ್ತದೆ.

ಇನ್ನು ಕ್ರ್ಯಾಶ್. ಕ್ಯೂಎಮು-ಐಒದಲ್ಲಿ 'ಸಿಗ್‌ರೇಸ್ 9' ಎಂಬ ಕಮಾಂಡ್ ಇದೆ, ಪ್ರೋಗ್ರಾಮ್ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಈ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಇಮೇಜನ್ನು ಬರೆಯಲು ತೆರೆದ ಕ್ಷಣವೇ ಫೈಲಿನಲ್ಲಿರುವ ಬಿಟ್‌ಮ್ಯಾಪಿಗೆ 'ಇನ್-ಯೂಸ್' ಗುರುತು ಬೀಳುತ್ತದೆ. ಸರಿಯಾಗಿ ಮುಚ್ಚಿದಾಗ ಮಾತ್ರ ಹೊಸ ಲೆಕ್ಕ ಬರೆದು ಗುರುತು ಅಳಿಸುತ್ತದೆ. ಹಾಗಾಗಿ ಒಂದು ಬೈಟೂ ಬರೆಯದೆ ಕೊಂದರೂ ಗುರುತು ಉಳಿಯುತ್ತದೆ, ಮುಂದಿನ ಸಲ 'ಇನ್‌ಕನ್ಸಿಸ್ಟೆಂಟ್' ಎಂದು ತೋರಿಸುತ್ತದೆ. ಅಂಥದನ್ನು ಕ್ಲಿಯರ್ ಮಾಡಲಾಗದು, ಇನ್ನೊಂದರೊಂದಿಗೆ ಮರ್ಜ್ ಮಾಡಲಾಗದು, ಬ್ಯಾಕಪ್ಪಿಗೆ ಕೊಡಲಾಗದು. ತೆಗೆದುಹಾಕಿ ಹೊಸದು ಮಾಡಿ ಫುಲ್ ಬ್ಯಾಕಪ್ ತೆಗೆಯುವುದೊಂದೇ ದಾರಿ. ಕಠಿಣ, ಆದರೆ ಸರಿಯಾದ ನಿರ್ಧಾರ. ಅರ್ಧ ಗೊತ್ತಿರುವ ಲೆಕ್ಕಕ್ಕಿಂತ ಲೆಕ್ಕವೇ ಇಲ್ಲದಿರುವುದು ಕ್ಷೇಮ. ಬಿಟ್‌ಮ್ಯಾಪ್ ಗೊತ್ತಿಲ್ಲದ ಹಳೆಯ ಸಾಫ್ಟ್‌ವೇರ್ ಇಮೇಜಿಗೆ ಬರೆದರೂ ಇದೇ ಎಚ್ಚರ: ಹೆಡರಿನ ಆಟೋಕ್ಲಿಯರ್ ಬಿಟ್ ಅಳಿಸಿಹೋಗಿ ಲೆಕ್ಕ ಅಮಾನ್ಯವಾಗುತ್ತದೆ.

ಓಡುತ್ತಿರುವ ಮೆಷಿನ್ನಿಗೆ ಹೊಸದಾಗಿ ಸೇರಿಸಿದ ಬಿಟ್‌ಮ್ಯಾಪ್ ಮಾತ್ರ, ಪರ್ಸಿಸ್ಟೆಂಟ್ ಎಂದು ಕೊಟ್ಟಿದ್ದರೂ, ಇಮೇಜ್ ಮುಚ್ಚುವವರೆಗೆ ಮೆಮೊರಿಯಲ್ಲೇ ಇರುತ್ತದೆ. ನಡುವೆ ಹೋಸ್ಟಿಗೆ ಕರೆಂಟ್ ಹೋದರೆ 'ಇನ್‌ಕನ್ಸಿಸ್ಟೆಂಟ್' ಎಂಬ ಕುರುಹೂ ಉಳಿಯದೆ ಮಾಯವಾಗುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಈ ಎರಡೂ ಸ್ಥಿತಿಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳಬೇಕು.

ಬೇಸರ ತರಿಸುವುದು ಸುತ್ತಲಿನ ಕೆಲಸಗಳು. ಇಮೇಜನ್ನು ಹೊಸ ಫೈಲಿಗೆ ಕನ್ವರ್ಟ್ ಮಾಡುವಾಗ ಬಿಟ್‌ಮ್ಯಾಪ್ಸ್ ಆಯ್ಕೆ ಕೊಡದಿದ್ದರೆ ಲೆಕ್ಕ ಹೊಸ ಫೈಲಿಗೆ ಬರುವುದೇ ಇಲ್ಲ, ಎಚ್ಚರಿಕೆಯೂ ಇಲ್ಲ. ಎಕ್ಸ್‌ಟರ್ನಲ್ ಸ್ನ್ಯಾಪ್‌ಶಾಟ್ (ಹಳೆಯ ಫೈಲಿನ ಮೇಲೆ ಹೊಸ ಫೈಲ್ ಕೂರಿಸುವುದು) ತೆಗೆದರೆ ಹಳೆಯ ಬಿಟ್‌ಮ್ಯಾಪ್ ಕೆಳಗಿನ ಫೈಲಿನಲ್ಲೇ ಕೂರುತ್ತದೆ; ಮೇಲಿನದಕ್ಕೆ ಹೊಸದು ಸೇರಿಸಿ, ಬ್ಯಾಕಪ್ಪಿನ ಹೊತ್ತಿಗೆ ಎರಡನ್ನೂ ಮರ್ಜ್ ಮಾಡಬೇಕು.

ಡಿಸ್ಕಿನ ಡೇಟಾ ಮಾತ್ರ ಇರುವ ರಾ ಇಮೇಜಿನವರಿಗೆ ಇದು ದಕ್ಕುವುದಿಲ್ಲ, ಲೆಕ್ಕ ಬರೆದಿಡಲು ಆ ಫೈಲಿನಲ್ಲಿ ಜಾಗವೇ ಇಲ್ಲ. ವರ್ಚುವಲ್ ಮೆಷಿನ್ನುಗಳ ಬ್ಯಾಕಪ್ಪಿಗೆ ಬಳಸುವ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ನೆಚ್ಚಿರುವುದು ಮೆಮೊರಿಯಲ್ಲಷ್ಟೇ ಇರುವ ಬಿಟ್‌ಮ್ಯಾಪ್. ಮೆಷಿನ್ ನಿಲ್ಲಿಸಿದರೆ ಮುಂದಿನ ಬ್ಯಾಕಪ್ಪಿಗೆ ಇಡೀ ಡಿಸ್ಕ್ ಓದಬೇಕು, ಆದರೆ ಸರ್ವರಿನಲ್ಲಿ ಈಗಾಗಲೇ ಇರುವ ತುಂಡುಗಳನ್ನು ಮತ್ತೆ ಕಳಿಸುವುದಿಲ್ಲ. ಮೆಷಿನ್ ತಿಂಗಳುಗಟ್ಟಲೆ ನಿಲ್ಲದೆ ಓಡುತ್ತದೆ ಎಂದಾದರೆ ಅಷ್ಟೇ ಸಾಕು. ರಾತ್ರಿ ಆಫ್ ಮಾಡಿ ಬೆಳಗ್ಗೆ ಆನ್ ಮಾಡುವ, ಟಿಬಿಗಟ್ಟಲೆ ಕ್ಯೂಕೌ2 ಇರುವ ಕಡೆ ಪರ್ಸಿಸ್ಟೆಂಟ್ ಬಿಟ್‌ಮ್ಯಾಪನ್ನೇ ಆರಿಸಿಕೊಳ್ಳಿ, ಜೊತೆಗೆ ಹೋಸ್ಟಿಗೆ ಯುಪಿಎಸ್ ಇರಲಿ, ಬ್ಯಾಟರಿ ಮುಗಿಯುವ ಮೊದಲು ಮೆಷಿನ್ನುಗಳನ್ನು ಕ್ರಮವಾಗಿ ಮುಚ್ಚುವ ಸ್ಕ್ರಿಪ್ಟೂ ಇರಲಿ.