ಕಲ್ಲೇಟಿಗೆ ಪಿಪಿಎಫ್: ಪುಣೆ-ಹುಬ್ಬಳ್ಳಿ ಓಡಾಟದಲ್ಲಿ ನಾನು ಕಂಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಹೈವೇಯಲ್ಲಿ ಜಾಸ್ತಿ ಓಡಾಡುವವರಾದರೆ ಕಾರಿನ ಮುಂಭಾಗಕ್ಕೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಪೇಂಟ್ ಕಾಯಲು ಅದರ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಹಾಕಿಸಿ, ದುಡ್ಡು ದಂಡವಲ್ಲ. ಇಡೀ ಕಾರಿಗೆ ಬೇಕಿಲ್ಲ. ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಹಚ್ಚುವ ತೆಳು ಲೇಪ) ಮಾಡಿಸಿದರೆ ಕಲ್ಲೇಟು ತಪ್ಪುತ್ತದೆ ಅಂತ ಯಾರೇ ಹೇಳಿದರೂ ನಂಬಬೇಡಿ.

ನಾನಿರುವುದು ಪುಣೆಯ ವಾಕಡ್‌ನಲ್ಲಿ, ಊರು ಹುಬ್ಬಳ್ಳಿ. ಹಬ್ಬ, ಮದುವೆ, ಅಪ್ಪನ ಆಸ್ಪತ್ರೆ ಅಂತ ವರ್ಷವಿಡೀ ಎನ್‌ಎಚ್ 48ರ ಮೇಲೆ ಓಡಾಟ ಇದ್ದೇ ಇದೆ. ಆ ರಸ್ತೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾತಾರಾ ದಾಟಿದ ಮೇಲೆ ಕಾಗಲ್ ಕಡೆಗೆ ಆರು ಪಥದ ಕೆಲಸ, ಡೈವರ್ಷನ್ ಮೇಲೆ ಡೈವರ್ಷನ್, ಅಲ್ಲೆಲ್ಲ ಸಡಿಲ ಜಲ್ಲಿ. ತಾಡಪಾಲು ಹೊದಿಸದ ಡಂಪರ್‌ಗಳು ಬೇರೆ. ಕಬ್ಬಿನ ಹಂಗಾಮಿನಲ್ಲಂತೂ ಕರಾಡ, ಕೊಲ್ಹಾಪುರದ ಹತ್ತಿರ ಟ್ರ್ಯಾಕ್ಟರ್‌ಗಳು ಹೊಲದ ಮಣ್ಣು ಕಲ್ಲನ್ನೆಲ್ಲ ಟೈರಿಗೆ ಮೆತ್ತಿಕೊಂಡೇ ಹೈವೇಗೆ ಏರುತ್ತವೆ.

ಇದೇ ರಸ್ತೆಯಲ್ಲಿ ಓಡಿದ ನನ್ನ ಹಿಂದಿನ ಬಿಳಿ ಕಾರಿಗೆ ಏನೂ ಹಾಕಿಸಿರಲಿಲ್ಲ. ಬಾನೆಟ್‌ನ ಮುಂದಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಗುಳಿಗಳು. ಬಗ್ಗಿ ನೋಡಿದರೆ ಸುತ್ತ ಕ್ಲಿಯರ್ ಕೋಟ್‌ನ (ಬಣ್ಣದ ಮೇಲಿನ ಪಾರದರ್ಶಕ ಪದರದ) ಚೂಪು ಅಂಚು, ಅದರೊಳಗೆ ಬಿಳಿ ಬಣ್ಣ, ಆಮೇಲೆ ಬೂದು ಪ್ರೈಮರ್, ನಟ್ಟನಡುವೆ ಹೊಳೆಯುವ ತಗಡು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಳಪು ಹೋಗಿ ಕಂದು ಚುಕ್ಕೆ ಆಗಿತ್ತು. ವಾಸ್ಕೋದಲ್ಲಿರುವ ನಮ್ಮ ಭಾವನ ಕಾರಿನಲ್ಲಿ ಇದಕ್ಕಿಂತ ಬೇಗ ತುಕ್ಕು ಕಂಡಿತು, ಸಮುದ್ರದ ಉಪ್ಪುಗಾಳಿ ಅಲ್ವಾ.

ಈಗಿನ ಕಾರುಗಳ ಪೇಂಟೇ ಕಳಪೆ ಅಂತ ಎಲ್ಲರೂ ಬೈಯುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಕಂಪನಿಯಿಂದ ಬರುವ ಪೇಂಟಿನ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 140 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಏಳನೇ ಒಂದು ಭಾಗವೂ ಇಲ್ಲ. ಎಲ್ಲಕ್ಕಿಂತ ಕೆಳಗೆ ಇ-ಕೋಟ್. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಅಂಟಿಸುವ ಪದರ ಅದು. ಅದರ ಜೊತೆಗೆ ಸತು ಲೇಪಿಸಿದ ತಗಡು ಬಂದಿದ್ದರಿಂದಲೇ ಹಳೇ ಕಾರುಗಳ ಹಾಗೆ ಬಾಗಿಲಿನ ತಳ ತುಕ್ಕು ಹಿಡಿದು ಉದುರುವುದು ಕಮ್ಮಿಯಾಗಿದೆ. ತುಕ್ಕು ತಡೆಯುವುದರಲ್ಲಿ ಈಗಿನ ಪೇಂಟ್ ನಿಜಕ್ಕೂ ಮುಂದಿದೆ. ಆದರೆ ಹಳೇ ಕಾರಿನ ಬಂಪರ್ ಕ್ರೋಮ್ ಇಲ್ಲವೇ ಬರೀ ಕಪ್ಪು ಪ್ಲಾಸ್ಟಿಕ್ ಇರುತ್ತಿತ್ತು, ಏಟು ಬಿದ್ದರೂ ಕಾಣುತ್ತಿರಲಿಲ್ಲ. ಈಗ ನೆಲದ ಹತ್ತಿರದವರೆಗೂ ಮುಖವೆಲ್ಲ ಬಾಡಿ ಬಣ್ಣ. ಕಲ್ಲು ಬಡಿಯುವ ಜಾಗದಲ್ಲೇ ಬಣ್ಣ ಬಳಿದಿದ್ದಾರೆ.

ಸೆರಾಮಿಕ್ ವಿಷಯ ಇಷ್ಟೇ: ಅದರ ದಪ್ಪ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ತೊಳೆಯೋದು ಸುಲಭ, ಹೊಳಪು ಚೆನ್ನ. ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಪಿಪಿಎಫ್ ಹಾಗಲ್ಲ. ಅದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಒಂದರ್ಥದಲ್ಲಿ ಪೇಂಟಿಗಿಂತಲೂ ದಪ್ಪ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳು ಮರಳಿಗೆ ಸವೆಯದಿರಲಿ ಅಂತ ಬಳಸಿದ ಟೇಪ್‌ನಿಂದ ಬೆಳೆದು ಬಂದದ್ದು.

ನಾನು ಹಾಕಿಸಿದ್ದು ಬಾನೆಟ್, ಮುಂದಿನ ಬಂಪರ್, ಕನ್ನಡಿಗಳು ಮತ್ತು ಚಕ್ರದ ಹಿಂದಿನ ಕೆಳಪಟ್ಟಿ. ನಲವತ್ತು ಸಾವಿರದ ಆಸುಪಾಸು ಬಿತ್ತು. ಪೂರ್ತಿ ಕಾರಿಗೆ ಲಕ್ಷದ ಮೇಲೆ ಕೇಳಿದರು. ಬಾಗಿಲು, ಡಿಕ್ಕಿ, ರೂಫಿಗೆ ಕಲ್ಲು ಬಡಿಯುವುದೇ ಅಪರೂಪ, ಅಲ್ಲಿಗೆ ಯಾಕೆ ಸುಮ್ನೆ ಖರ್ಚು?

ವರ್ಷಗಳು ಕಳೆದ ಮೇಲೆ ಹೇಗಿದೆ ಅಂದರೆ, ಬಾನೆಟ್ ಚೆನ್ನಾಗಿದೆ. ಬಟ್ಟೆ ಉಜ್ಜಿದ ಸಣ್ಣ ಗೆರೆಗಳು ಏಪ್ರಿಲ್ ಬಿಸಿಲಿಗೆ ಕಾರು ನಿಂತರೆ ತಾವಾಗಿಯೇ ಮಾಯವಾಗುತ್ತವೆ, ಅದು ಬರೀ ಜಾಹೀರಾತಿನ ಮಾತಲ್ಲ. ದೊಡ್ಡ ಕಲ್ಲಿನ ಏಟು ಮಾತ್ರ ಮಾಯುವುದಿಲ್ಲ, ಫಿಲ್ಮ್ ಮೇಲೆ ಬೆಳ್ಳಗಿನ ಗುರುತು ಉಳಿಯುತ್ತದೆ. ಎಡ ಕನ್ನಡಿಯ ತುಂಡು ತೀರಾ ಗಾಯಗೊಂಡಿತ್ತು ಅಂತ ಹೀಟ್ ಗನ್ ಹಿಡಿದು ಬಿಚ್ಚಿಸಿದೆ. ಫಿಲ್ಮ್‌ನಲ್ಲಿ ಎರಡು ಕಡೆ ಆರಪಾರ ತೂತು. ಕೆಳಗಿನ ಬಣ್ಣದ ಮೇಲೆ ಬೆರಳಾಡಿಸಿದೆ, ಉಗುರಿಗೂ ಏನೂ ತಾಗಲಿಲ್ಲ. ಅವತ್ತೇ ನನಗೆ ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸಿತು.

ಬೇಜಾರಿನ ಸಂಗತಿಯೂ ಇದೆ. ಹಾಕಿದ ಅಂಗಡಿಯವರು ಹೆಡ್‌ಲೈಟ್ ಅಂಚಿನಲ್ಲಿ ಫಿಲ್ಮನ್ನು ಕಾರಿನ ಮೇಲೇ ಬ್ಲೇಡಿನಿಂದ ಕತ್ತರಿಸಿದರು, ಕ್ಲಿಯರ್ ಕೋಟ್‌ಗೆ ಕೂದಲೆಳೆಯಷ್ಟು ಗೆರೆ ಬಿತ್ತು. ತೋರಿಸಿದರೆ "ಅದು ಮೊದಲೇ ಇತ್ತು ಸಾಹೇಬ್ರೇ" ಅಂದರು. ಹಾಗಾಗಿ ನಿಮ್ಮ ಕಾರಿನ ಮಾಡೆಲ್‌ಗೆ ಯಂತ್ರದಲ್ಲಿ ಮೊದಲೇ ಕತ್ತರಿಸಿದ ಕಿಟ್ ಇರುವ ಕಡೆಗೇ ಹೋಗಿ, ಹಾಕುವ ಮೊದಲು ಮೊಬೈಲ್‌ನಲ್ಲಿ ಎಲ್ಲ ಮೂಲೆಗಳ ಫೋಟೋ ತೆಗೆದಿಡಿ. ಫಿಲ್ಮ್ ಟಿಪಿಯು (ಮೇಲೆ ಹೇಳಿದ ಪಾಲಿಯುರೆಥೇನ್) ಹೌದೋ ಅಂತ ಬಾಕ್ಸ್ ನೋಡಿಯೇ ಒಪ್ಪಿ. ಅಗ್ಗದ ಪಿವಿಸಿ ಹಾಳೆಯನ್ನೂ ಪಿಪಿಎಫ್ ಅಂತಲೇ ಮಾರುತ್ತಾರೆ, ಅದು ಬೇಗ ಹಳದಿಯಾಗಿ ಗಡುಸಾಗುತ್ತದೆ. ವಾರಂಟಿ ಕಾರ್ಡನ್ನೂ ಓದಿ. ಸಾಮಾನ್ಯವಾಗಿ ಹಳದಿಯಾಗುವುದಕ್ಕೆ, ಬಿರುಕಿಗೆ ಕೊಡುತ್ತಾರೆ, ಕಲ್ಲೇಟಿಗೆ ಅಲ್ಲ. ಗ್ಯಾರೇಜಿನಲ್ಲಿ ರೀಪೇಂಟ್ ಆದ ಭಾಗದ ಮೇಲೆ ಹಾಕಿಸುವಾಗ ಹುಷಾರು, ಮುಂದೆ ಬಿಚ್ಚುವಾಗ ಪೇಂಟೇ ಕಿತ್ತು ಬರಬಹುದು. ಅದಕ್ಕೇ ಕಾರು ಹೊಸದಿದ್ದಾಗಲೇ ಹಾಕಿಸುವುದು ವಾಸಿ.

ಏನೇ ಹಾಕಿಸಿದರೂ ಮುಂದಿನ ಲಾರಿಯಿಂದ ದೂರ ಇರಿ. ಅದರ ಟೈರು ಚಿಮ್ಮಿಸಿದ ಕಲ್ಲು ಗಾಳಿಯಲ್ಲಿ ನಿಧಾನವಾಗುತ್ತದೆ, ನಿಮ್ಮ ಕಾರೇ ಹೋಗಿ ಅದಕ್ಕೆ ಗುದ್ದುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ಏಟಿನ ಶಕ್ತಿ ಒಂದೂವರೆ ಪಟ್ಟು ದಾಟುತ್ತದೆ. ಜಲ್ಲಿ ಬಿದ್ದ ಡೈವರ್ಷನ್‌ನಲ್ಲಿ ಅವಸರ ಮಾಡಬೇಡಿ, ಮಡ್‌ಫ್ಲ್ಯಾಪ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಕೆಲವು ನೂರು ರೂಪಾಯಿಯ ಮಾತು.

ಬಂಪರಿನ ಫಿಲ್ಮ್ ಈಗ ಕೆಳಗಿನ ಅಂಚಿನಲ್ಲಿ ಏಳುತ್ತಿದೆ, ಒಳಗೆ ಧೂಳು ಸೇರಿ ಕಪ್ಪು ಗೆರೆಯಾಗಿದೆ. ಅದೊಂದನ್ನು ದೀಪಾವಳಿಗೆ ಊರಿಗೆ ಹೊರಡುವ ಮೊದಲು ಬದಲಿಸಬೇಕು. ಈ ಸಲ ಬೇರೆ ಅಂಗಡಿ.