ಲಾರಿ ಸ್ಟಾರ್ಟ್ ಆಗದಾಗ: ಟೆಸ್ಟ್ ಲ್ಯಾಂಪ್, ಸ್ಕ್ಯಾನರ್, ಮಲ್ಟಿಮೀಟರ್

ಮೂರನ್ನೂ ನನ್ನದೇ ಲಾರಿಯ ಮೇಲೆ ಹಿಡಿದು ನೋಡಿದ್ದೇನೆ. ಒಂದನ್ನೇ ಇಟ್ಟುಕೋ ಎಂದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟುಕೊಳ್ಳುತ್ತೇನೆ. 1,600 ರೂಪಾಯಿಯ ಆ ಮೀಟರು ಹತ್ತು ನಿಮಿಷದಲ್ಲಿ ಹಿಡಿದು ಕೊಟ್ಟ ದೋಷವನ್ನು ಅದಕ್ಕೂ ಮುಂಚೆ ಖರ್ಚು ಮಾಡಿದ 39,000 ರೂಪಾಯಿ ಹಿಡಿದಿರಲಿಲ್ಲ.

ನನ್ನದು 2018ರ ಹತ್ತು ಚಕ್ರದ ಬಿಎಸ್4 (ಹೊಗೆ ನಿಯಮದ ಹಂತ) ಲಾರಿ, ಕಾಮನ್ ರೈಲ್ ಎಂಜಿನ್, ಅಂದರೆ ‘ರೈಲ್’ ಎಂಬ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಎಲ್ಲ ಇಂಜೆಕ್ಟರುಗಳಿಗೂ ಹೋಗುವಂಥದ್ದು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಬೆಳಗಿನ ಜಾವ ಹಿರಿಯೂರು ದಾಟಿ ಚಹಾಕ್ಕೆ ನಿಲ್ಲಿಸಿ, ಮರಳಿ ಬಂದು ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಮುಲುಗುತ್ತಾ ಅರ್ಧ ಸುತ್ತು ತಿರುಗಿ ನಿಂತಿತು. ಪಕ್ಕದಲ್ಲಿ ನಿಂತಿದ್ದ ಲಾರಿಯ ಚಾಲಕರು ಜಂಪ್ ಕೇಬಲ್ ತಂದರು. ಪ್ಲಸ್ ಅನ್ನು ಬ್ಯಾಟರಿಗೆ, ಮೈನಸ್ ಅನ್ನು ನನ್ನ ಎಂಜಿನ್ ಮೇಲಿನ ಒಂದು ಬೋಲ್ಟಿಗೆ ಕಚ್ಚಿಸಿದರು. ಒಂದೇ ಹೊಡೆತಕ್ಕೆ ಎಂಜಿನ್ ಹತ್ತಿಕೊಂಡಿತು. ‘ಬ್ಯಾಟರಿ ಹೋಗಿದೆ ಅಣ್ಣಾ’ ಎಂದರು. ನಾನೂ ನಂಬಿದೆ. ಎರಡು ಹೊಸ ಬ್ಯಾಟರಿಗೆ 25,000 ರೂಪಾಯಿ ಆಯಿತು.

ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜಂಪ್ ಕೊಡುವಾಗ ಮೈನಸ್ ಅನ್ನು ಎಂಜಿನ್ನಿಗೇ ಕೊಡಬೇಕು, ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು. ಆದರೆ ಆ ಕೇಬಲ್ ನನಗೆ ಗೊತ್ತಿಲ್ಲದಂತೆ ಇನ್ನೊಂದು ಕೆಲಸವನ್ನೂ ಮಾಡಿತ್ತು. ಕೆಟ್ಟಿದ್ದ ಅರ್ತ್ ದಾರಿಯನ್ನು, ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಕರೆಂಟ್ ಮರಳುವ ದಾರಿಯನ್ನು, ಬಿಟ್ಟು ಎಂಜಿನ್ನಿಗೆ ಬೇರೆಯೇ ಅರ್ತ್ ಕೊಟ್ಟಿತ್ತು. ಜಂಪ್ ಕೊಟ್ಟಾಗ ಸ್ಟಾರ್ಟ್ ಆಯಿತು ಎಂದಮಾತ್ರಕ್ಕೆ ಬ್ಯಾಟರಿ ಕೆಟ್ಟಿದೆ ಎಂದಲ್ಲ. ಇದನ್ನು ಆ ದಿನ ಯಾರಾದರೂ ಹೇಳಿದ್ದರೆ ನನ್ನ ಹಳೆಯ ಬ್ಯಾಟರಿಗಳು ಇನ್ನೂ ಒಂದು ವರ್ಷ ಬಾಳುತ್ತಿದ್ದವು.

ವಾರ ಕಳೆದಿರಲಿಲ್ಲ, ರಾಣೆಬೆನ್ನೂರಿನಲ್ಲಿ ಮನೆಯ ಮುಂದೆಯೇ ಮತ್ತೆ ಅದೇ ಮುಲುಗು.

ಮೊದಲು ಬಂದದ್ದು ಟೆಸ್ಟ್ ಲ್ಯಾಂಪ್. ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿ ಇರುವುದು ಇದೇ: ಒಂದು 24 ವೋಲ್ಟಿನ 21 ವ್ಯಾಟ್ ಬಲ್ಬು, ಎರಡು ವೈರು, ಒಂದು ಕ್ಲಿಪ್ಪು. ನೂರೈವತ್ತು ರೂಪಾಯಿಯಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ನನಗೆ ಇದರ ಮೇಲೆ ಗೌರವವಿದೆ. ಸೆಲ್ಫ್ ಮೇಲಿನ ಸೊಲೆನಾಯ್ಡಿಗೆ (ಸೆಲ್ಫಿಗೆ ಕರೆಂಟ್ ಹರಿಸುವ ಸ್ವಿಚ್ಚಿಗೆ) ಕೀಯಿಂದ ಬರುವ ಸಣ್ಣ ವೈರಿನಲ್ಲಿ ಕರೆಂಟ್ ಬರುತ್ತಿದೆಯೇ, ಫ್ಯೂಸ್ ಸರಿಯಿದೆಯೇ, ರಿಲೇ ಒಳಗೆ ಸುಟ್ಟಿದೆಯೇ ಎಂದು ನೋಡಲು ಇದಕ್ಕಿಂತ ಬೇಗ ಹೇಳುವ ಉಪಕರಣ ಇಲ್ಲ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 24 ವೋಲ್ಟ್ ಎಂದೇ ತೋರಿಸುತ್ತದೆ, ಏಕೆಂದರೆ ಅದು ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಬಲ್ಬು ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಸುಟ್ಟ ರಿಲೇಯ ಮೂಲಕ ಬಂದರೆ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಹಳೆಯ 70 ವ್ಯಾಟಿನ ಹೆಡ್‌ಲೈಟ್ ಬಲ್ಬು ಇದ್ದರೆ ಇನ್ನೂ ಒಳ್ಳೆಯದು, ಅದು ಸುಮಾರು 3 ಆಂಪಿಯರ್ ಎಳೆಯುತ್ತದೆ. ಎಚ್ಚರ ಒಂದೇ: ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೋಗುವ ಸೆನ್ಸರ್ ವೈರುಗಳಿಗೆ ಈ ಬಲ್ಬನ್ನು ಚುಚ್ಚಬೇಡಿ. ಒಳಗಿನ ಸರ್ಕೀಟ್ ಸುಟ್ಟುಹೋಗಬಹುದು.

ಎಲೆಕ್ಟ್ರಿಷಿಯನ್ ಬಲ್ಬಿನ ಒಂದು ವೈರನ್ನು ಸೆಲ್ಫ್‌ನ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದ. ಬಲ್ಬು ಝಗ್ಗೆಂದು ಉರಿಯಿತು. ‘ಕರೆಂಟೂ ಸರಿಯಿದೆ, ಅರ್ತೂ ಸರಿಯಿದೆ, ಸೆಲ್ಫ್ ಬಿಚ್ಚೋಣ’ ಎಂದ. ಬಲ್ಬಿಗೆ ಬೇಕಾದ ಒಂದು ಆಂಪಿಯರಿಗೆ ಆ ಅರ್ತ್ ನಿಜವಾಗಿಯೂ ಸಾಕಾಗಿತ್ತು. ಸೆಲ್ಫ್ ಕೇಳುವುದು ಮುನ್ನೂರು, ನಾನೂರು ಆಂಪಿಯರ್. ಸಣ್ಣ ಕಾಲುದಾರಿಯಲ್ಲಿ ಸೈಕಲ್ ಹೋಯಿತೆಂದು ಲಾರಿಯನ್ನೂ ಬಿಟ್ಟಂತೆ ಆಗುತ್ತಿತ್ತು. ಸೆಲ್ಫ್ ಬಿಚ್ಚಲು ನಾನು ಒಪ್ಪಲಿಲ್ಲ.

ಹಾಗೆಂದು ಮಾಡಿದ್ದು ಇನ್ನೂ ದುಬಾರಿಯ ಕೆಲಸ. 9,500 ರೂಪಾಯಿ ಕೊಟ್ಟು 24 ವೋಲ್ಟ್ ವಾಹನಗಳಿಗೆ ಆಗುವ, ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ತರಿಸಿದೆ. ಹೊಸ ಕಾಲದ ಎಂಜಿನ್, ಕಂಪ್ಯೂಟರಿಗೆ ಕಂಪ್ಯೂಟರೇ ಉತ್ತರ ಹೇಳಬೇಕು ಎಂಬುದು ಆಗಿನ ನನ್ನ ನಂಬಿಕೆ. ಪ್ಲಗ್ ಚುಚ್ಚಿದೆ, ಮೂರು ಕೋಡ್ ಬಂದವು: ಬ್ಯಾಟರಿ ವೋಲ್ಟೇಜ್ ಕಡಿಮೆ, ರೈಲ್ ಪ್ರೆಶರ್ ಕಡಿಮೆ, ಇನ್ನೊಂದು ಸಂಪರ್ಕ ತಪ್ಪಿದ ಕೋಡ್. ಗ್ಯಾರೇಜಿನವರು ಎರಡನೆಯದನ್ನು ನೋಡಿ ರೈಲ್ ಪ್ರೆಶರ್ ಸೆನ್ಸರ್ ಬದಲಿಸಿದರು. 4,800 ರೂಪಾಯಿ. ಲಾರಿ ಮಾತ್ರ ಅಲ್ಲೇ ನಿಂತಿತ್ತು.

ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ, ನನ್ನ ಸಿಟ್ಟು ಇರುವುದೂ ಇಲ್ಲೇ. ಕಾಮನ್ ರೈಲ್ ಎಂಜಿನ್ನಿನಲ್ಲಿ ರೈಲಿನ ಒತ್ತಡ ಸುಮಾರು 200 ಬಾರ್ ಮುಟ್ಟುವ ತನಕ ಇಸಿಯು ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ತೆರೆಯುವುದಿಲ್ಲ. ಆ ಒತ್ತಡ ಏರಬೇಕಾದರೆ ಎಂಜಿನ್ ಚುರುಕಾಗಿ ತಿರುಗಬೇಕು, ಚುರುಕಾಗಿ ತಿರುಗಬೇಕಾದರೆ ಸೆಲ್ಫ್‌ಗೆ ಪೂರ್ತಿ ವೋಲ್ಟೇಜ್ ಸಿಗಬೇಕು. ಸೆಲ್ಫ್ ಮುಲುಗುತ್ತಿದ್ದುದರಿಂದ ಒತ್ತಡ ಏರಲಿಲ್ಲ, ಒತ್ತಡ ಏರಲಿಲ್ಲವೆಂದು ಕೋಡ್ ಬಂತು. ಮೊದಲನೆಯ ಕೋಡ್, ನಾನು ಹತ್ತಾರು ಸಲ ಕೀ ತಿರುಗಿಸಿ ಹೊಸ ಬ್ಯಾಟರಿಯನ್ನೂ ಇಳಿಸಿದ್ದರಿಂದ ಬಂದದ್ದು. ಕೋಡ್ ತೋರಿಸಿದ್ದು ರೋಗದ ಲಕ್ಷಣವನ್ನು. ನಾವು ಅದನ್ನೇ ರೋಗವೆಂದುಕೊಂಡು ಸೆನ್ಸರ್ ಕಿತ್ತೆವು.

ಅದಕ್ಕಿಂತ ತಲೆನೋವಿನ ಸಂಗತಿ ಇನ್ನೊಂದಿದೆ. ಸ್ಕ್ಯಾನರಿಗೆ ಜೀವ ಬರುವುದೂ ಅದೇ ಪ್ಲಗ್ಗಿನಿಂದ, ಅದೇ ಬ್ಯಾಟರಿಯಿಂದ. ಕೀ ತಿರುಗಿಸುವ ಕ್ಷಣದಲ್ಲೇ ನಾನು ವೋಲ್ಟೇಜನ್ನೂ ರೈಲ್ ಒತ್ತಡವನ್ನೂ ನೋಡಬೇಕಿತ್ತು. ಆ ಕ್ಷಣದಲ್ಲೇ ಪರದೆ ಕಪ್ಪಾಗಿ, ಕಂಪನಿಯ ಗುರುತು ತೋರಿಸಿ, ಮೊದಲಿನಿಂದ ಶುರುವಾಗುತ್ತಿತ್ತು. ಮತ್ತೆ ವಾಹನ ಆಯ್ಕೆ, ಮತ್ತೆ ಎಂಜಿನ್ ಆಯ್ಕೆ, ಮತ್ತೆ ಕಾಯುವುದು. ಪಟ್ಟಿ ಬರುವ ಹೊತ್ತಿಗೆ ಸೆಲ್ಫ್ ಸುಮ್ಮನಾಗಿ, ವೋಲ್ಟೇಜ್ 25 ಎಂದು ನೆಮ್ಮದಿಯಾಗಿ ಕೂತಿರುತ್ತಿತ್ತು. ಆರು ಸಲ ಮಾಡಿದೆ, ಆರು ಸಲವೂ ಹಾಗೆಯೇ. ಸ್ಟಾರ್ಟ್ ಆಗದ ಲಾರಿಗೆಂದೇ ತಂದ ಉಪಕರಣ ಸ್ಟಾರ್ಟ್ ಮಾಡುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡರೆ ಯಾವ ಪುರುಷಾರ್ಥಕ್ಕೆ? ಒಳಗೇ ಬ್ಯಾಟರಿ ಇರುವ ದುಬಾರಿ ಸ್ಕ್ಯಾನರುಗಳಲ್ಲಿ ಈ ತೊಂದರೆ ಇಲ್ಲ, ಆದರೆ ಒಂದೇ ಲಾರಿ ಇರುವವನಿಗೆ ಆ ಬೆಲೆ ಹೊರೆ.

ಕಾರಿಗೆಂದು ಮಾರುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಡಬ್ಬಿಗಳನ್ನು ಲಾರಿಗೆ ಚುಚ್ಚಲೇಬೇಡಿ, ಬಹುತೇಕ ಎಲ್ಲವೂ 12 ವೋಲ್ಟಿಗೆ ಮಾಡಿದವು. ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಕೊಳ್ಳುವುದಾದರೆ ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ, ಅಗ್ಗದವು ಮನೆಯ ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ.

ಇನ್ನು ಮಲ್ಟಿಮೀಟರ್. ನಿಂತ ಬ್ಯಾಟರಿಗೆ ಹಿಡಿದು 25 ವೋಲ್ಟ್ ಇದೆ ಎಂದು ಮುಗಿಸಿದರೆ ಇದೂ ದಾರಿ ತಪ್ಪಿಸುತ್ತದೆ. ಓಮ್ ಇಟ್ಟು ಅರ್ತ್ ಕೇಬಲ್ ಅಳೆದರೂ ಪ್ರಯೋಜನವಿಲ್ಲ. ನನ್ನ ಲಾರಿಯ ದೋಷ ಒಂದು ಓಮಿನ ನೂರನೆಯ ಒಂದು ಭಾಗದಷ್ಟಿತ್ತು, ಮೀಟರಿನ ವೈರುಗಳಿಗೇ ಅದಕ್ಕಿಂತ ಹೆಚ್ಚು ರೋಧ ಇರುತ್ತದೆ. ಅಳೆಯಬೇಕಾದದ್ದು ಸೆಲ್ಫ್ ಹೊಡೆಯುತ್ತಿರುವಾಗ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನು.

ಮೀಟರಿನ ವೈರು ಗಿಡ್ಡ ಎಂದು ಮೂರು ಮೀಟರ್ ವೈರಿಗೆ ಕ್ಲಿಪ್ಪು ಹಾಕಿಕೊಂಡೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಮಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಪ್ರತಿ ಸಲ ಐದು ಸೆಕೆಂಡ್ ಮಾತ್ರ ಕೀ ತಿರುಗಿಸು, ನಡುವೆ ಎರಡು ನಿಮಿಷ ಬಿಡು ಎಂದೆ. ಮೊದಲು ಎರಡೂ ಬ್ಯಾಟರಿ ಸೇರಿ: 21.2 ವೋಲ್ಟ್. ಇದು 19ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಬೇಕು, ಹಾಗಾಗಿ ಬ್ಯಾಟರಿ ಸರಿಯಿದೆ. ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್ ಬೋಲ್ಟಿಗೆ: 0.4. ಅದೂ ಸರಿ. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ಹಿಡಿದಾಗ ಅಂಕಿ ಏರಿ 3.6ಕ್ಕೆ ನಿಂತಿತು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಮೈನಸ್‌ನಿಂದ ಚಾಸಿಗೆ (ಲಾರಿಯ ಕೆಳಗಿನ ಚೌಕಟ್ಟಿಗೆ) 0.2, ಚಾಸಿಯಿಂದ ಎಂಜಿನ್ನಿಗೆ 3.4. ಅಂದರೆ ಕಳ್ಳ ಇರುವುದು ಚಾಸಿಗೂ ಎಂಜಿನ್ನಿಗೂ ನಡುವಿನ ಅರ್ತ್ ಪಟ್ಟಿಯಲ್ಲಿ.

ಕೆಳಗೆ ತೂರಿ ಗೇರ್‌ಬಾಕ್ಸ್ ಪಕ್ಕದ ಆ ಹೆಣೆದ ತಾಮ್ರದ ಪಟ್ಟಿಯನ್ನು ಮುಟ್ಟಿದೆ. ಚಾಸಿಯ ಕಡೆಯ ತುದಿ ಬೆರಳು ಇಡಲಾಗದಷ್ಟು ಬಿಸಿಯಾಗಿತ್ತು, ಎಂಜಿನ್ ಕಡೆಯ ತುದಿ ತಣ್ಣಗಿತ್ತು. ಸೆಲ್ಫ್ 350 ಆಂಪಿಯರ್ ಎಳೆಯುತ್ತಿತ್ತು ಎಂದು ಹಿಡಿದರೆ 3.4 ವೋಲ್ಟ್ ಎಂದರೆ ಸುಮಾರು 1,200 ವ್ಯಾಟ್, ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ ಒಂದು ಬೋಲ್ಟಿನ ಅಡಿಯಲ್ಲಿ. ಬಿಚ್ಚಿದಾಗ ಕಾರಣವೂ ಸಿಕ್ಕಿತು. ಹಿಂದಿನ ವರ್ಷ ಎಫ್‌ಸಿಗೆ (ಫಿಟ್ನೆಸ್ ತಪಾಸಣೆಗೆ) ಮುಂಚೆ ಚಾಸಿಗೆ ಕಪ್ಪು ಬಣ್ಣ ಹೊಡೆಸಿದ್ದೆ. ಪಟ್ಟಿಯನ್ನು ಬಿಚ್ಚಿ, ಬಣ್ಣ ಹೊಡೆದು, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದರು. ವಾಷರಿನ ಸುತ್ತ ಉಗುರಿನಷ್ಟು ಅಗಲ ಮಾತ್ರ ಲೋಹಕ್ಕೆ ಲೋಹ ತಾಗಿತ್ತು, ಉಳಿದಲ್ಲಿ ಬಣ್ಣ, ಅದರ ಸಂದಿನಲ್ಲಿ ಮಳೆನೀರು ಇಳಿದು ಕಟ್ಟಿದ ಹಸಿರು ಕಿಲುಬು. ಚಾಸಿಯನ್ನು ಬಿಳಿ ಲೋಹ ಕಾಣುವಂತೆ ಉಜ್ಜಿ, 350 ರೂಪಾಯಿಯ ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಕೀ ತಿರುಗಿಸಿದ ತಕ್ಷಣ ಎಂಜಿನ್ ಹತ್ತಿತು.

ಮಲ್ಟಿಮೀಟರಿನಲ್ಲಿ ಒಂದು ಅಪಾಯವಿದೆ. ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲಿ ಮರೆತು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್. ನಾನು ಆ ತೂತಿಗೆ ಟೇಪ್ ಅಂಟಿಸಿದ್ದೇನೆ. ಕೈಯ ಉಂಗುರವನ್ನೂ ತೆಗೆದಿಟ್ಟೇ ಬ್ಯಾಟರಿ ಮುಟ್ಟುತ್ತೇನೆ.

ನನ್ನ ತೀರ್ಮಾನ ನನ್ನ ಲಾರಿಗೆ, ನನ್ನ ಜೇಬಿಗೆ ಹೊಂದುವಂಥದ್ದು. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯಲ್ಲಿರುವ ನನಗೆ, ಹೆದ್ದಾರಿಯ ಬದಿಯಲ್ಲಿ ಟಾರ್ಚ್ ಹಿಡಿದು ನಾನೇ ಓದಿ ಅರ್ಥ ಮಾಡಿಕೊಳ್ಳಬಲ್ಲ ಉಪಕರಣ ಬೇಕು. ಮಲ್ಟಿಮೀಟರ್ ಮೊದಲು, ಅದರ ಪಕ್ಕದಲ್ಲಿ ನೂರೈವತ್ತು ರೂಪಾಯಿಯ ಬಲ್ಬು. ಹಳೆಯ ಮೆಕ್ಯಾನಿಕಲ್ ಪಂಪಿನ ಲಾರಿ ಇರುವವರಿಗೆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 ಲಾರಿ ಇದ್ದರೆ ಸ್ಕ್ಯಾನರ್ ಬೇಕಾಗುತ್ತದೆ, ಹೊಗೆ ಶುದ್ಧ ಮಾಡುವ ಯೂರಿಯಾ, ಫಿಲ್ಟರ್ ಎಂದು ಅದರಲ್ಲಿ ಸೆನ್ಸರುಗಳು ಬಹಳ. ಅಲ್ಲೂ ಬ್ಯಾಟರಿ ಮತ್ತು ಅರ್ತ್ ಸರಿಯಿದೆ ಎಂದು ಮೀಟರ್ ಹೇಳಿದ ಮೇಲೆಯೇ ಕೋಡ್ ನಂಬಿ. ಅಳೆಯುವಾಗ ಅರ್ಧ ವೋಲ್ಟ್ ಕಳೆದರೆ ನಾನು ಸುಮ್ಮನಿರುತ್ತೇನೆ, ಒಂದು ವೋಲ್ಟ್ ದಾಟಿದರೆ ಬಿಚ್ಚುತ್ತೇನೆ.

ಸ್ಕ್ಯಾನರನ್ನು ಹಾವೇರಿಯ ಗ್ಯಾರೇಜ್ ಒಂದಕ್ಕೆ 6,000ಕ್ಕೆ ಕೊಟ್ಟೆ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬಿಳಿ ಬಣ್ಣದಲ್ಲಿ ಮೂರು ಅಂಕಿ ಬರೆದಿದ್ದೇನೆ, ಪಟ್ಟಿ ಬದಲಿಸಿದ ದಿನ ಬಂದದ್ದು: ಪ್ಲಸ್ 0.4, ಚಾಸಿ 0.2, ಎಂಜಿನ್ 0.3. ಪ್ರತಿ ಮಳೆಗಾಲ ಮುಗಿದ ಮೇಲೆ ಮಗ ಕೀ ತಿರುಗಿಸುತ್ತಾನೆ, ನಾನು ಮೀಟರ್ ಹಿಡಿದು ಆ ಅಂಕಿಗಳ ಪಕ್ಕದಲ್ಲಿ ಹೊಸದನ್ನು ಬರೆಯುತ್ತೇನೆ.